ಊಟವಾದ ಮೇಲಿನ ಓಟು

ನಮ್ಮ ಡನ್‌ಬರೋ ಊರಿನ ಗಂಡಸರಿಗೆ ವಾಷಿಂಗ್ಟನ್ ಮೇಲೆ ಇರುವಷ್ಟು ಸಿಟ್ಟು ತಮ್ಮ ಅಳಿಯಂದಿರ ಮೇಲೂ ಇಲ್ಲ. ಬೆಳಗ್ಗೆ ನಾನು ಹೋಟೆಲಿನ ಬಾಗಿಲು ತೆಗೆಯುವುದೇ ತಡ, ಒಳಗೆ ಬಂದು ಸಾಲಾಗಿ ಸ್ಟೂಲುಗಳ ಮೇಲೆ ಕೂತು, ಟಿವಿ ಕಡೆ ಕತ್ತೆತ್ತಿ, ದೇಶ ಕೆಟ್ಟಿತು ಎಂದು ಶುರುಮಾಡುತ್ತಾರೆ. ದುಡ್ಡಿನ ಕುಳಗಳು ಸರ್ಕಾರವನ್ನೇ ಜೇಬಿಗೆ ಹಾಕಿಕೊಂಡರಂತೆ, ಚುನಾವಣೆ ಅಂದರೆ ಈಗ ಹರಾಜಂತೆ. ಒಬ್ಬ ಮೇಜು ಗುದ್ದುತ್ತಾನೆ. ಇನ್ನೊಬ್ಬ, ನಮ್ಮ ಮುತ್ತಾತಂದಿರು ರಾಜನನ್ನೇ ಓಡಿಸಿದವರು ಎಂದು ಎದೆ ತಟ್ಟಿಕೊಳ್ಳುತ್ತಾನೆ. ಅಷ್ಟರಲ್ಲಿ ಮೊಟ್ಟೆ ತಣ್ಣಗಾಗಿರುತ್ತದೆ, ಅದಕ್ಕೆ ನನ್ನನ್ನು ಬೈಯುತ್ತಾರೆ.

ಸಾಲಿನ ಕೊನೆಯ ಸ್ಟೂಲಿನಲ್ಲಿ ಕೋರಾ ಬ್ಯಾಚೆಲ್ಡರ್ ಕೂತಿರುತ್ತಿದ್ದಳು. ಇವರ ಭಾಷಣವೆಲ್ಲ ಮುಗಿಯುವವರೆಗೆ ತುಟಿ ಎರಡು ಮಾಡದೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಆಮೇಲೆ ಒಂದೇ ಮಾತು ಕೇಳುತ್ತಿದ್ದಳು.

"ಮಾರ್ಚ್ ಸಭೆಗೆ ಯಾರ್ಯಾರು ಬರ್ತಿದೀರಪ್ಪಾ?"

ಆಗ ನೋಡಬೇಕು ಇವರ ಮುಖ. ಒಬ್ಬನಿಗೆ ತಟ್ಟನೆ ಉಪ್ಪು ಬೇಕಾಗುತ್ತದೆ, ಇನ್ನೊಬ್ಬನಿಗೆ ಹೊರಗೆ ನಿಲ್ಲಿಸಿದ ಗಾಡಿಯ ದೀಪ ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಬರುತ್ತದೆ.

"ಅಲ್ಲೇನಿರತ್ತೆ ಕೋರಾ? ಬರೀ ಜಲ್ಲಿ, ಮರಳು. ದೇಶಾನೇ ಮುಳುಗ್ತಿರೋವಾಗ ಜಲ್ಲಿ ವಿಷಯ ಮಾತಾಡ್ಕೊಂಡ್ ಕೂರೋಣ್ವಾ?"

"ವಾಷಿಂಗ್ಟನ್ನಿಗೆ ನಿನ್ನನ್ನ ಯಾರೂ ಕರೀತಿಲ್ಲ ಕಣಯ್ಯಾ. ಇಲ್ಲಿ ಬಾ ಬಾ ಅಂತ ಬೇಡ್ಕೋತಿದೀವಿ. ಮೊದ್ಲು ಇಲ್ಲಿಗೆ ಬಾ."

ಈ ಕೋರಾ ಯಾವ ದೊಡ್ಡ ಮನುಷ್ಯಳೂ ಅಲ್ಲ. ನಮ್ಮ ಈ ನ್ಯೂ ಹ್ಯಾಂಪ್‌ಶೈರಿನ ಗುಡ್ಡದ ಮೇಲೇ ಹುಟ್ಟಿ, ಅಪ್ಪನ ಹಸು ಕರೆದು, ಪಕ್ಕದ ಗುಡ್ಡದ ವೆಂಡೆಲ್ ಬ್ಯಾಚೆಲ್ಡರನನ್ನು ಮದುವೆಯಾದವಳು. ವೆಂಡೆಲ್ ಮೇಪಲ್ ಮರಗಳಿಂದ ರಸ ಇಳಿಸಿ ಪಾಕ ಕಾಯಿಸುತ್ತಾನೆ. ಕೋರಾ ಮಂಡಿ ನೋವು ಬಂದು ಕೂರುವವರೆಗೆ ಶಾಲೆಯ ಬಸ್ಸು ಓಡಿಸಿದಳು. ಊರಿನ ಅರ್ಧ ಜನ ಅವಳ ಬಸ್ಸಿನಲ್ಲಿ ಕೂತು ಅ ಆ ಕಲಿಯಲು ಹೋದವರೇ. ಬಸ್ಸಿನಲ್ಲಿ ಯಾರಾದರೂ ಕಿತಾಪತಿ ಮಾಡಿದರೆ ಅವಳು ಕೂಗಾಡುತ್ತಿರಲಿಲ್ಲ. ಬಸ್ಸನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿ, ಪೇಪರ್ ಬಿಡಿಸಿ ಓದುತ್ತಾ ಕೂರುತ್ತಿದ್ದಳು. ಹುಡುಗರೇ ಬೇಸತ್ತು ತಪ್ಪು ಮಾಡಿದವನನ್ನು ಮುಂದಕ್ಕೆ ದೂಡುತ್ತಿದ್ದರು. ಈಗಲೂ ಅವಳು ಹಿಂದಿನಿಂದ 'ಏಯ್' ಎಂದರೆ ಗಡ್ಡ ನರೆತ ಗಂಡಸು ಕೂಡ ಕೂತಲ್ಲೇ ನೆಟ್ಟಗಾಗುತ್ತಾನೆ.

ನಮ್ಮಲ್ಲಿ ಊರಿನ ವ್ಯವಹಾರವನ್ನು ಊರೇ ಕೂತು ತೀರ್ಮಾನಿಸುತ್ತದೆ. ಮಾರ್ಚ್ ತಿಂಗಳಲ್ಲಿ ಒಂದು ದಿನ ಟೌನ್ ಹಾಲಿನಲ್ಲಿ ಸೇರಿ, ರಸ್ತೆಯಿಂದ ಹಿಡಿದು ಸ್ಮಶಾನದ ಬೇಲಿಯವರೆಗೆ ಒಂದೊಂದೇ ಠರಾವು ಓದಿಸಿ, ಬೇಕಾದವರು 'ಹೌದು' ಎನ್ನುತ್ತಾರೆ, ಬೇಡದವರು 'ಇಲ್ಲ' ಎನ್ನುತ್ತಾರೆ. ಯಾರು ಬೇಕಾದರೂ ಎದ್ದು ಮಾತಾಡಬಹುದು. ಅದಕ್ಕೇ ಯಾರೂ ಮಾತಾಡುವುದಿಲ್ಲ. ಕೋರಾ ಮಾತ್ರ ಪ್ರತಿ ಠರಾವಿಗೂ ಎದ್ದು ಎರಡು ಪ್ರಶ್ನೆ ಕೇಳುತ್ತಿದ್ದಳು: "ಇದು ಯಾಕೆ ಬೇಕು? ಬೇಡ ಅಂದ್ರೆ ಏನಾಗತ್ತೆ?" ಅವಳು ಎದ್ದ ಕೂಡಲೇ ಹಿಂದಿನ ಸಾಲುಗಳಲ್ಲಿ ನಿಟ್ಟುಸಿರು ಕೇಳಿಸುತ್ತಿತ್ತು. ಊರನ್ನು ನಡೆಸುವ ಮೂವರು ಮುಖ್ಯಸ್ಥರಲ್ಲಿ ಅವಳ ದೊಡ್ಡಪ್ಪನ ಮಗನೇ ಒಬ್ಬನಾಗಿದ್ದಾಗ, ಊರಿನ ಜಲ್ಲಿ ಅವನ ಮನೆ ಮುಂದೆ ಹೇಗೆ ಬಂತು ಎಂದು ಸಭೆಯಲ್ಲೇ ಕೇಳಿದ್ದಳು. ಅವನು ಸಾಯುವವರೆಗೂ ಅವಳ ಹತ್ತಿರ ಮಾತಾಡಲಿಲ್ಲ. "ಹೋಗ್ಲಿ ಬಿಡು ನೆಟ್ಟಿ, ಜಲ್ಲಿ ವಾಪಸ್ ಬಂತಲ್ಲ," ಎಂದಿದ್ದಳು ನನ್ನ ಹತ್ತಿರ. ಆದರೆ ಅವನ ಶವಪೆಟ್ಟಿಗೆ ಇಳಿಸುವಾಗ ಎಲ್ಲರಿಗಿಂತ ಜಾಸ್ತಿ ಅತ್ತವಳೂ ಅವಳೇ.

ಹೀಗಿರುವಾಗ ನಮ್ಮೂರಿಗೆ ಪ್ರೆಸ್ಟನ್ ವೇಲ್ ಬಂದರು.

ಬಾಸ್ಟನ್ನಿನ ಶ್ರೀಮಂತರು. ಎಂಥ ಶ್ರೀಮಂತರು ಎಂದರೆ, ಏನು ಕೆಲಸ ಮಾಡುತ್ತಾರೆ ಎಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ, ಅಷ್ಟು. ಮೊದಲು ಒಂದು ಗುಡ್ಡ ಕೊಂಡರು, ಆಮೇಲೆ ಆ ಗುಡ್ಡಕ್ಕೆ ಕಾಣಿಸುವ ಇನ್ನೆರಡು ಗುಡ್ಡ ಕೊಂಡರು. ಮನುಷ್ಯ ಕೆಟ್ಟವರು ಎಂದು ನಾನು ಹೇಳುವುದಿಲ್ಲ. ನನ್ನ ಹೋಟೆಲಿಗೆ ಬಂದರೆ ಎಲ್ಲರ ಹೆಸರು ಹಿಡಿದು ಮಾತಾಡಿಸುತ್ತಿದ್ದರು, ತಟ್ಟೆಯನ್ನು ತಾವೇ ಎತ್ತಿಡುತ್ತಿದ್ದರು. ಬೆಂಕಿ ಆರಿಸುವ ಹೊಸ ಲಾರಿ ಕೊಡಿಸಿದರು. ಲೈಬ್ರರಿಗೆ ಛಾವಣಿ ಹಾಕಿಸಿದರು. ಜುಲೈ ನಾಲ್ಕಕ್ಕೆ ಸ್ವಾತಂತ್ರ್ಯದ ಪಟಾಕಿ ಅವರ ಖರ್ಚಿನಲ್ಲೇ ಹಾರತೊಡಗಿತು. ಹೀಗೆ ಒಬ್ಬೊಬ್ಬರ ಮೂಗಿಗೂ ತುಪ್ಪ ಸವರುತ್ತಾ ಹೋದಂತೆ, ಊರಿನ ಮುಖ್ಯಸ್ಥರಿಗೆ ಒಂದು ಹೊಸ ಚಾಳಿ ಹತ್ತಿತು. ಏನೇ ವಿಷಯ ಬಂದರೂ, "ಪ್ರೆಸ್ಟನ್ ಏನಂತಾರೆ ಕೇಳೋಣ" ಎನ್ನುವುದು.

"ಅವರ ಓಟು ಇಲ್ಲಿಲ್ವೇ ಇಲ್ಲ. ಬಾಸ್ಟನ್ನಲ್ಲಿದೆ," ಎನ್ನುತ್ತಿದ್ದಳು ಕೋರಾ. "ಓಟಿಲ್ದೋರನ್ನ ಯಾಕೆ ಕೇಳ್ತೀರ?"

"ಅಷ್ಟೆಲ್ಲಾ ಮಾಡಿದಾರೆ, ಒಂದು ಮಾತು ಕೇಳೋದ್ರಲ್ಲಿ ತಪ್ಪೇನೇ?"

ಒಂದು ಚಳಿಗಾಲದಲ್ಲಿ ಮುಖ್ಯಸ್ಥರು ದೊಡ್ಡ ಸುದ್ದಿ ತಂದರು. ವೇಲ್ ಅವರ ಟ್ರಸ್ಟ್ ನಮಗಾಗಿ ಹೊಸ ಸಭಾಭವನ ಕಟ್ಟಿಸಿಕೊಡುತ್ತದಂತೆ. ನೆಲವೇ ಬೆಚ್ಚಗಿರುತ್ತದಂತೆ, ಮೆತ್ತನೆ ಕುರ್ಚಿಗಳಂತೆ. ನಮ್ಮ ಹಳೆಯ ಟೌನ್ ಹಾಲನ್ನು ಟ್ರಸ್ಟಿಗೆ ಒಂದು ಡಾಲರಿಗೆ ಮಾರಿಬಿಡಬೇಕು, ಅಷ್ಟೇ. ಹಳೆಯ ಕಟ್ಟಡದ ಸ್ಥಿತಿಯೂ ಚೆನ್ನಾಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಛಾವಣಿ ಸೋರುತ್ತಿತ್ತು, ಉತ್ತರದ ಗೋಡೆ ಪಕ್ಕ ಕೂತವರು ಕೋಟು ಬಿಚ್ಚುವಂತಿರಲಿಲ್ಲ. ಜನ ಬಾಯಿ ಚಪ್ಪರಿಸಿದರು. ಕೋರಾ ಮಾತ್ರ ತನ್ನ ಹಳೆಯ ಪ್ರಶ್ನೆಗಳ ಜೊತೆ ಇನ್ನೊಂದು ಕೇಳಿದಳು: ಹೊಸ ಭವನ ಯಾರದ್ದು?

ಟ್ರಸ್ಟಿನದ್ದು. ಊರು ಅದನ್ನು ಬಳಸಿಕೊಳ್ಳಬಹುದು.

"ಬಳಸ್ಕೋಬಹುದು ಅಂದ್ರೆ, ಅವರು ಬೇಡ ಅಂದ ದಿನ ಬಳಸೋ ಹಾಗಿಲ್ಲ ಅಂತ ತಾನೇ?" ಎಂದಳು ನನ್ನ ಹತ್ತಿರ, ಲೋಟ ಕುಟ್ಟುತ್ತಾ. "ಊರಿಗೆ ಸೇರಿ ಮಾತಾಡಕ್ಕೆ ಅಂತ ಇರೋದು ಒಂದೇ ಒಂದು ಜಾಗ ನೆಟ್ಟಿ. ಸೋರ್ಲಿ, ಚಳಿ ಆಗ್ಲಿ, ಅಲ್ಲಿ ನನ್ನನ್ನ ಕೂತ್ಕೋ ಅನ್ನೋ ಹಕ್ಕು ಯಾವನಿಗೂ ಇಲ್ಲ. ಅದನ್ನ ಮಾರಿ ಇನ್ನೊಬ್ರ ಜಗಲಿ ಮೇಲೆ ಹೋಗಿ ನಿಂತ್ಕೋತಾರಂತೆ!"

ಫೆಬ್ರವರಿ ತಿಂಗಳಿಡೀ ಅವಳು ನೋಯುವ ಮಂಡಿಯನ್ನು ಎಳೆದುಕೊಂಡು ಮನೆ ಮನೆ ಹತ್ತಿ ಇಳಿದಳು. ಹಿಮ ಬಿದ್ದ ದಿನ ಕಾರು ಓಡಿಸಲು ನಾನೂ ಹೋಗುತ್ತಿದ್ದೆ. ನಾನು ಕೇಳಿದ ಮಾತುಗಳನ್ನು ಈಗ ನೆನೆದರೂ ಮೈ ಉರಿಯುತ್ತದೆ.

"ಅಷ್ಟು ದುಡ್ಡಿರೋ ಮನುಷ್ಯ ಕಣೇ, ನಮ್ಮ ಹತ್ರ ಇರೋದನ್ನ ತಗೊಂಡು ಏನ್ ಮಾಡ್ತಾರೆ?" ಎಂದಳು ಒಬ್ಬಳು, ದುಡ್ಡಿದ್ದವರಿಗೆ ಆಸೆಯೇ ಇರುವುದಿಲ್ಲ ಎಂಬಂತೆ.

"ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ಬಾರ್ದು ಕೋರಾ," ಎಂದ ಇನ್ನೊಬ್ಬ.

"ದಾನ ಕೊಡ್ತಿರೋದು ಹಸು ಅಲ್ಲ. ನಮ್ಮ ಕೊಟ್ಟಿಗೆ ತಗೊಂಡು, ಬೇಕಾದಾಗ ಹಾಲು ಕೊಡ್ತೀನಿ ಅಂತಿದಾರೆ."

"ನೀನು ಯಾವಾಗ್ಲೂ ಹಿಂಗೇ. ನಮ್ದು ಇನ್ನೂರು ವರ್ಷದ ಪ್ರಜಾಪ್ರಭುತ್ವ ಕಣೇ. ಒಂದು ಕಟ್ಟಡ ಹೋದ್ರೆ ಬಿದ್ದುಹೋಗತ್ತಾ?"

ಇದನ್ನು ಹೇಳಿದವನು ಯಾರು ಗೊತ್ತೇ? ನನ್ನ ಹೋಟೆಲಿನಲ್ಲಿ ದಿನಾ ಬೆಳಗ್ಗೆ ಮೇಜು ಗುದ್ದಿ ದೇಶ ಮುಳುಗಿಸುವ ಅದೇ ಪುಣ್ಯಾತ್ಮ! ವಾಷಿಂಗ್ಟನ್ನಿನಲ್ಲಿ ಬಿದ್ದುಹೋಗುತ್ತದಂತೆ, ಡನ್‌ಬರೋದಲ್ಲಿ ಮಾತ್ರ ಬೀಳುವುದಿಲ್ಲವಂತೆ.

ಆದರೂ ಬಹಳ ಮಂದಿ ಬಾಗಿಲು ಸರಿಸಿ, ಸುತ್ತ ನೋಡಿ, ದನಿ ಇಳಿಸಿ, "ನೀನು ಹೇಳೋದು ಸರಿ ಕೋರಾ, ನಾನು ನಿನ್ ಕಡೆ," ಎಂದರು. ಒಬ್ಬನ ಮಗ ವೇಲ್ ಅವರ ತೋಟದಲ್ಲಿ ಕೆಲಸಕ್ಕಿದ್ದ. ಇನ್ನೊಬ್ಬಳು ಅವರ ಮನೆಯ ಕಿಟಕಿ ಪರದೆ ಹೊಲಿದು ಕೊಡುತ್ತಿದ್ದಳು. ಹಾಗಾಗಿ ಬಾಯಿಬಿಟ್ಟು ಹೇಳಲಾರರು, ಆದರೆ ಗುಟ್ಟಾಗಿ ಚೀಟಿ ಹಾಕಿದರೆ ಕೋರಾಳ ಕಡೆಯೇ ಹಾಕುತ್ತಾರೆ. ಅಂಥವರು ಊರಿನಲ್ಲಿ ಅರ್ಧಕ್ಕಿಂತ ಹೆಚ್ಚೇ ಇದ್ದರು. ಕೋರಾ ಸಮಾಧಾನದಿಂದ ಮನೆಗೆ ಬಂದಳು.

ಮಾರ್ಚ್ ಸಭೆಯ ದಿನದ ಊಟ ಊರಿನ ಹೆಂಗಸರದು. ನಾನು ಹಿಂದಿನ ದಿನವೇ ಕಾಕಂಬಿ ಹಾಕಿ ಬೀನ್ಸ್ ಕಾಳು ಬೇಯಲು ಇಡುತ್ತೇನೆ, ಉಳಿದವರು ರೊಟ್ಟಿ, ಆಪಲ್ ಪೈ ತರುತ್ತಾರೆ. ಆ ವರ್ಷ ವೇಲ್ ಅವರು, ಪಾಪ ಹೆಂಗಸರು ಯಾಕೆ ಕಷ್ಟಪಡಬೇಕು ಎಂದು, ಬಾಸ್ಟನ್ನಿನಿಂದಲೇ ಅಡುಗೆಯವರನ್ನು ಕಳಿಸಿದರು. ಬೆಳಗ್ಗೆಯಿಂದಲೇ ಟೌನ್ ಹಾಲಿನ ಹಿಂಬದಿಯಿಂದ ಹುರಿದ ದನದ ಮಾಂಸದ ವಾಸನೆ. ಬೆಣ್ಣೆಯಲ್ಲಿ ಅದ್ದಿದ ಸೀಗಡಿ ಬೇರೆ. ನನ್ನ ಬೀನ್ಸ್ ಪಾತ್ರೆಯನ್ನು ಒಂದು ಮೂಲೆಗೆ ತಳ್ಳಿದ್ದರು. ಇದರಿಂದ ನನಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಮ್ಮೂರಿನಲ್ಲಿ ಒಂದು ರೂಢಿ ಇದೆ. ಜಗಳದ ಠರಾವು ಯಾವಾಗಲೂ ಊಟಕ್ಕೆ ಮುಂಚೆ. ಯಾಕೆಂದರೆ ಮಾರ್ಚಿನಲ್ಲಿ ಬಿಸಿಲು ಬಂದ ಕೂಡಲೇ ಮೇಪಲ್ ರಸ ಇಳಿಯತೊಡಗುತ್ತದೆ, ಉಂಡವರು ಸಭೆ ಬಿಟ್ಟು ಮರಕ್ಕೆ ಕಟ್ಟಿದ ಬಕೆಟ್ಟು ನೋಡಲು ಓಡುತ್ತಾರೆ. ಮರವಿಲ್ಲದವರು ನಿದ್ದೆಗೆ ಓಡುತ್ತಾರೆ. ಊಟವಾದ ಮೇಲೆ ಉಳಿಯುವ ಠರಾವು ಯಾರಿಗೂ ಬೇಡದ ಠರಾವು. ಆ ದಿನ ಟೌನ್ ಹಾಲ್ ಮಾರುವ ವಿಷಯವನ್ನು ಎಲ್ಲದರ ಕೊನೆಗೆ ಇಟ್ಟಿದ್ದರು.

ಕೋರಾ ಎದ್ದಳು. "ಇದನ್ನ ಈಗ್ಲೇ ತಗೋಬೇಕು. ಊಟಕ್ಕೆ ಮುಂಚೆ."

ಸಭೆ ನಡೆಸುವವನು ಎಲ್ವಿನ್ ಟಟಲ್. ಒಳ್ಳೆಯವನು, ಯಾರಿಗೂ ಬೇಜಾರು ಮಾಡದ ಜಾತಿ. "ಸಭೆ ಒಪ್ಪಿದ್ರೆ ತಗೋಬಹುದು. ಏನಂತೀರಿ?" ಎಂದು ಕೇಳಿದ.

ಅಷ್ಟು ಜನ ಸೇರಿದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಕೋರಾ ಕರೆದವರೆಲ್ಲ ಬಂದಿದ್ದರು. ಆದರೆ ಬಾಗಿಲ ಸಂದಿಯಿಂದ ಆ ಹಾಳು ವಾಸನೆ ಬರುತ್ತಲೇ ಇತ್ತು.

"ಹೊಟ್ಟೆ ತುಂಬಿದ ಮೇಲೆ ನಿಧಾನವಾಗಿ ಮಾತಾಡೋಣ ಬಿಡಮ್ಮಾ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಓಟಿಗೆ ಹಾಕಿದಾಗ 'ಇಲ್ಲ' ಎಂಬ ಕೂಗು ಕಿಟಕಿ ಗಾಜು ಅದುರುವಷ್ಟು ಜೋರಾಗಿತ್ತು. ಅವಳ ಕಡೆಯವರೇ ಅವಳಿಗೆ ವಿರುದ್ಧ ಕೂಗಿದ್ದರು, ಸೀಗಡಿಯ ಪರವಾಗಿ.

ಊಟ ಬಹಳ ರುಚಿಯಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಜನ ಎರಡೆರಡು ಸಲ ಬಡಿಸಿಕೊಂಡರು. ಹೊರಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಒಬ್ಬೊಬ್ಬರೇ ಕೋರಾಳ ಹತ್ತಿರ ಬಂದು ಹೆಗಲು ತಟ್ಟಿ ಹೇಳಿದರು: "ರಸ ಇಳೀತಿದೆ ಕೋರಾ, ಹೋಗ್ಲೇಬೇಕು. ನೀನಿದೀಯಲ್ಲ, ನಂಗೇನು ಯೋಚ್ನೆ ಇಲ್ಲ." ನೀನಿದ್ದೀಯಲ್ಲ! ಅವಳೊಬ್ಬಳಿಗೆ ಎಷ್ಟು ಓಟಿದೆ ಎಂದುಕೊಂಡಿದ್ದರೋ ಏನೋ. ಮತ್ತೆ ಸಭೆ ಸೇರಿದಾಗ ಟೌನ್ ಹಾಲ್ ಅರ್ಧ ಖಾಲಿ. ಉಳಿದ ಅರ್ಧದಲ್ಲಿ ಅರ್ಧ ತೂಕಡಿಸುತ್ತಿತ್ತು.

ಕೋರಾ ಮಾತಾಡಿದಳು. ಚೆನ್ನಾಗಿಯೇ ಮಾತಾಡಿದಳು. "ಅವರು ಕೆಟ್ಟೋರು ಅಂತ ನಾನ್ ಹೇಳ್ತಿಲ್ಲ. ಒಳ್ಳೇರೇ ಇರಬಹುದು. ಆದ್ರೆ ನಾವು ಕೂತು ಜಗಳಾಡೋ ಜಾಗ ನಮ್ದಾಗಿರ್ಬೇಕು. ಒಳ್ಳೇರ ಮನೇಲಿ ಕೂತು ಅವರಿಗೇ ಇಲ್ಲ ಅನ್ನಕ್ಕೆ ನಿಮ್ಮಲ್ಲಿ ಯಾರಿಗೆ ಬಾಯಿ ಬರತ್ತೆ, ಹೇಳಿ ನೋಡೋಣ." ವೇಲ್ ಅವರ ಊಟ ಇನ್ನೂ ಎಲ್ಲರ ಹೊಟ್ಟೆಯಲ್ಲಿತ್ತು, ಉಂಡ ಮನೆಯ ಜಂತೆ ಎಣಿಸುವುದು ಹೇಗೆ?

ಎಲ್ವಿನ್ ಓಟಿಗೆ ಹಾಕಿದ. 'ಹೌದು' ಎಂದವರು ಮುಖ್ಯಸ್ಥರು, ಅವರ ಮನೆಯವರು, ಬೆಂಕಿ ಲಾರಿಯವರು. ಜೋರಾಗಿ ಎಂದರು. 'ಇಲ್ಲ' ಎಂದು ನಾವು ಕೆಲವರು ಕೂಗಿದೆವು. ಹೆಚ್ಚಿನವರು ಯಾವುದನ್ನೂ ಹೇಳದೆ ನೆಲ ನೋಡುತ್ತಿದ್ದರು.

"ಹೌದು ಅನ್ನೋದೇ ಜಾಸ್ತಿ ಕೇಳಿಸ್ತು," ಎಂದ ಎಲ್ವಿನ್.

ಕೋರಾ ಕೂರಲಿಲ್ಲ. ನಮ್ಮಲ್ಲಿ ಇದಕ್ಕೂ ಒಂದು ದಾರಿ ಇದೆ. ಬಾಯಿ ಓಟಿನ ಮೇಲೆ ಅನುಮಾನವಿದ್ದರೆ ಏಳು ಜನ ಎದ್ದು ನಿಂತು ಕೇಳಿದರೆ ಸಾಕು, ಎಲ್ಲರೂ ಗುಟ್ಟಾಗಿ ಚೀಟಿ ಬರೆದು ಪೆಟ್ಟಿಗೆಗೆ ಹಾಕಲೇಬೇಕು. ಚೀಟಿ ಹಾಕಿದ್ದರೆ ಆ ದಿನ ಕೋರಾ ಗೆಲ್ಲುತ್ತಿದ್ದಳು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಅಲ್ಲಿ ಕೂತಿದ್ದವರಲ್ಲಿ ಎಷ್ಟು ಜನ ಬಾಗಿಲ ಸಂದಿಯಲ್ಲಿ ನಿಂತು 'ನಿನ್ ಕಡೆ' ಎಂದಿದ್ದರು ಎಂದು ನನಗೆ ಗೊತ್ತು.

"ಚೀಟಿ ಬೇಕು ಅಂತ ಕೇಳ್ತಿದೀನಿ," ಎಂದಳು ಕೋರಾ. "ನನ್ ಜೊತೆ ಏಳೋರು ಏಳಿ."

ನಾನು ಎದ್ದೆ. ಲೈಬ್ರರಿ ನೋಡಿಕೊಳ್ಳುವ ಹುಡುಗಿ ಎದ್ದಳು, ಅವಳ ತಲೆಯ ಮೇಲಿನ ಛಾವಣಿ ವೇಲ್ ಅವರದೇ ಆದರೂ. ನಿವೃತ್ತರಾದ ಪಾದ್ರಿ ಊರುಗೋಲು ಊರಿ ಎದ್ದರು. ಡೈರಿ ನಡೆಸುವ ಅಣ್ಣ ತಮ್ಮ ಇಬ್ಬರೂ ಎದ್ದರು. ಕೋರಾ ಸೇರಿ ಆರು.

ಎಲ್ವಿನ್ ಕಾದ. ಅವನಿಗೂ ಆಸೆಯಿತ್ತು ಎಂದು ಕಾಣುತ್ತದೆ, ಬೇಕೆಂದೇ ನಿಧಾನವಾಗಿ ಕನ್ನಡಕ ಒರೆಸಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರಾದರೂ ಕಟ್ಟಲಿ, ನಾನು ದಾರ ಹಿಡಿಯುತ್ತೇನೆ ಎನ್ನುವ ಮುಖಗಳು. ಮೂರನೆಯ ಸಾಲಿನಲ್ಲಿ ವೆಂಡೆಲ್ ಕೂತಿದ್ದ. ಕೋರಾಳ ಗಂಡ. ಸಭೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಕೂರುವುದು ಅವರ ಮನೆಯ ಪದ್ಧತಿ. ಅವನು ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡು, ಅದರ ಅಂಚನ್ನು ಬೆರಳಿನಿಂದ ಸವರುತ್ತಾ, ಸುಮ್ಮನೆ ಕೂತಿದ್ದ. ಕೋರಾ ಅವನನ್ನೇ ನೋಡಿದಳು. ಬಸ್ಸು ನಿಲ್ಲಿಸಿ ಕಾಯುವ ಹಾಗೆ ನೋಡಿದಳು.

"ಆರೇ ಆಯ್ತು," ಎಂದ ಎಲ್ವಿನ್ ಕೊನೆಗೆ. "ಠರಾವು ಪಾಸಾಯ್ತು."

ಮನೆಗೆ ಹೋಗುವಾಗ ಅವರ ಕಾರಿನಲ್ಲಿ ನಾನೂ ಇದ್ದೆ. ಹಿಂದಿನ ಸೀಟಿನಲ್ಲಿ, ಯಾರೂ ಮುಟ್ಟದ ಬೀನ್ಸ್ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು. ಸೇತುವೆ ದಾಟಿದೆವು. ಆಮೇಲೆ ಕೋರಾ ಕೇಳಿದಳು.

"ಯಾಕ್ ಏಳ್ಲಿಲ್ಲ?"

"ನಾನು ಎದ್ರೆ, ಹೆಂಡ್ತಿಗೋಸ್ಕರ ಎದ್ದ ಅಂತಾರೆ. ಅದಕ್ಕೆ ಬೆಲೆ ಇರಲ್ಲ. ಬೇರೆ ಯಾರಾದ್ರೂ ಎದ್ರೆ ಚೆನ್ನಾಗಿರತ್ತೆ ಅಂತ ಸುಮ್ನಿದ್ದೆ ಕಣೇ." ವೆಂಡೆಲ್ ನಿಜವಾಗಿಯೂ ನೊಂದುಕೊಂಡಿದ್ದ. "ಯಾರಾದ್ರೂ ಏಳ್ತಾರೆ ಅಂತಾನೇ ಅನ್ಕೊಂಡೆ. ಅಷ್ಟು ಜನ ಇದ್ರಲ್ಲ."

ಕೋರಾ ಕಿಟಕಿ ಕಡೆ ತಿರುಗಿಕೊಂಡಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ಬೆಳಗ್ಗೆಯಿಂದ ಒಂದು ವಾರ ನನ್ನ ಹೋಟೆಲಿನಲ್ಲಿ ಇದೇ ಹಾಡು. "ನಾನು ಏಳ್ಬೇಕು ಅಂತಾನೇ ಇದ್ದೆ ನೆಟ್ಟಿ, ಪಕ್ಕದವನು ಏಳ್ತಾನೆ ಅನ್ಕೊಂಡೆ." ಪಕ್ಕದವನು ಬಂದು ಅದನ್ನೇ ಹೇಳುತ್ತಿದ್ದ. ರಸ ನೋಡಲು ಓಡಿದವರು ಬಂದು, "ಛೆ, ನಾನಿದ್ದಿದ್ರೆ!" ಎಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಶೂರರು. ಒಬ್ಬನ ತಟ್ಟೆಗೆ ಮೊಟ್ಟೆಯನ್ನು ನಾನು ಸ್ವಲ್ಪ ಜೋರಾಗಿಯೇ ಹಾಕಿದೆ. ನಂತರ ಅವರೆಲ್ಲ ಟಿವಿ ಕಡೆ ಕತ್ತೆತ್ತಿ, ವಾಷಿಂಗ್ಟನ್ನಿನಲ್ಲಿ ಎದ್ದು ನಿಲ್ಲುವ ಗಂಡಸೇ ಇಲ್ಲ ಎಂದು ಹಲ್ಲು ಕಡಿದರು. ಕೋರಾಳ ಸ್ಟೂಲು ಖಾಲಿ ಇತ್ತು. ಅವಳು ಮತ್ತೆ ಬರಲು ಶುರುಮಾಡಿದ್ದು ಹಿಮ ಕರಗಿದ ಏಪ್ರಿಲ್ ಕೆಸರು ಒಣಗಿದ ಮೇಲೆ.

ಬಂದವಳು ಸುಮ್ಮನೆ ಬರಲಿಲ್ಲ. ಆದದ್ದು ಆಯಿತು, ಮುಂದಿನದಾದರೂ ಗಟ್ಟಿ ಮಾಡಿಕೊಳ್ಳೋಣ ಎಂದಳು. ಹೊಸ ಭವನದಲ್ಲಿ ಊರ ಸಭೆ ಸೇರಲು ಯಾವ ಕಾಲಕ್ಕೂ ಅಡ್ಡಿ ಮಾಡುವುದಿಲ್ಲ ಎಂದು ಟ್ರಸ್ಟಿನಿಂದ ಬರೆಸಿಕೊಳ್ಳಬೇಕು ಎಂಬುದು ಅವಳ ಹೊಸ ಠರಾವು. ಅದನ್ನು ಸಭೆಗೆ ತರಲು ಬೇಕಾದಷ್ಟು ಜನರ ಸಹಿ ಹಾಕಿಸಿಕೊಂಡಳು. ಸಹಿ ಹಾಕಲು ಯಾರೂ ಹಿಂಜರಿಯಲಿಲ್ಲ, ಮನಸ್ಸಿನ ತಪ್ಪು ತೊಳೆದುಕೊಳ್ಳಲು ಸಿಕ್ಕ ಅಗ್ಗದ ಸೋಪು ಅದು. ಹಳೆಯ ಟೌನ್ ಹಾಲಿನೊಳಗೆ ಅಷ್ಟರಲ್ಲಿ ವೇಲ್ ಅವರು ತಮ್ಮ ಹಳೆಯ ಕಾರುಗಳನ್ನು ತಂದು ನಿಲ್ಲಿಸಿದ್ದರು. ಛಾವಣಿ ಮಾತ್ರ ಚೆನ್ನಾಗಿ ರಿಪೇರಿ ಮಾಡಿಸಿದರು, ಕಾರುಗಳ ಮೇಲೆ ನೀರು ಬೀಳಬಾರದಲ್ಲ.

ಮುಂದಿನ ಮಾರ್ಚಿನಲ್ಲಿ ಹೊಸ ಭವನದಲ್ಲಿ ಮೊದಲ ಸಭೆ. ನೆಲ ನಿಜವಾಗಿಯೂ ಬೆಚ್ಚಗಿತ್ತು. ಜನ ಕುರ್ಚಿಯ ಮೆತ್ತೆ ಒತ್ತಿ ಒತ್ತಿ ನೋಡಿದರು. ಕೆಲವರು ಬಾಗಿಲಲ್ಲೇ ಬೂಟು ಕಳಚಿ ಕಾಲುಚೀಲದಲ್ಲಿ ಒಳಗೆ ಬಂದರು, ಯಾರೂ ಹೇಳದಿದ್ದರೂ. ದನಿಗಳೂ ಇಳಿದಿದ್ದವು. ವೆಂಡೆಲ್ ಈ ಸಲ ಕೋರಾಳ ಪಕ್ಕದಲ್ಲೇ ಕೂತ. ಹಿಂದಿನ ವರ್ಷದಿಂದ ಅವನು ಅವಳನ್ನು ಹೇಗಾದರೂ ಖುಷಿಪಡಿಸಲು ನೋಡುತ್ತಿದ್ದ.

ಕೋರಾಳ ಠರಾವಿನ ಸರದಿ ಬಂತು. ಎಲ್ವಿನ್ ಓದಲು ಬಾಯಿ ತೆರೆಯುವುದರೊಳಗೆ, ಟ್ರಸ್ಟಿನ ಮ್ಯಾನೇಜರ್ ಹುಡುಗಿ ಪಕ್ಕದಿಂದ ಮೆಲ್ಲಗೆ ಬಂದು ಅವನ ಕಿವಿಯಲ್ಲಿ ಏನೋ ಹೇಳಿದಳು. ಬಹಳ ಮರ್ಯಾದೆಯ ಹುಡುಗಿ. ಎಲ್ವಿನ್ ಕೆಂಪಾದ.

"ಕೋರಾ, ಟ್ರಸ್ಟಿಗೆ ಸಂಬಂಧಪಟ್ಟ ವಿಷ್ಯಾನ ಟ್ರಸ್ಟಿನ ಕಟ್ಟಡದಲ್ಲಿ ತಗೊಳ್ಳೋ ಹಾಗಿಲ್ವಂತೆ. ಅವರ ನಿಯಮ ಅಂತೆ. ಬೇರೆ ಕಡೆ ಎಲ್ಲಾದ್ರೂ ತಗೊಳ್ಳೋಣ."

ಕೋರಾ ಎದ್ದು ನಿಂತಳು. "ಬೇರೆ ಕಡೆ ಅಂದ್ರೆ ಎಲ್ಲಿ, ಎಲ್ವಿನ್?"

ಎಲ್ವಿನ್ ಯೋಚಿಸಿದ. ನಿಜಕ್ಕೂ ಯೋಚಿಸಿದ, ಪಾಪ.

"ಊರಿನದ್ದು ಅಂತ ಒಂದು ಜಾಗ ಹೇಳು, ಅಲ್ಲಿಗೆ ಬರ್ತೀನಿ," ಎಂದಳು. "ಇವತ್ತೇ ಬರ್ತೀನಿ. ಎಲ್ಲರೂ ಬನ್ನಿ. ಎಲ್ಲಿಗೆ ಬರ್ಲಿ ಹೇಳು."

ಹೇಳಲು ಜಾಗವೇ ಇರಲಿಲ್ಲ. ನನಗೆ ಒಂದು ಕ್ಷಣ, ಈಗಲಾದರೂ ಈ ಜನಕ್ಕೆ ತಲೆಗೆ ಹೋಗುತ್ತದೆ ಎನ್ನಿಸಿತು. ಸುತ್ತ ನೋಡಿದೆ. ಸಹಿ ಹಾಕಿದವರೆಲ್ಲ ಅಲ್ಲಿದ್ದರು. ಅವರಿಗೆ ನಾಚಿಕೆಯಾಗುತ್ತಿತ್ತು, ನಿಜ. ಆದರೆ ತಮ್ಮ ಬಗ್ಗೆ ಅಲ್ಲ, ಆ ಮರ್ಯಾದೆಯ ಹುಡುಗಿಯ ಮುಂದೆ ಕೋರಾ ಹೀಗೆ ದನಿ ಎತ್ತುತ್ತಿದ್ದಾಳಲ್ಲ ಎಂದು. ಹಿಂದಿನಿಂದ "ಸಾಕು ಕೂತ್ಕೋಮ್ಮಾ" ಎಂಬ ಪಿಸುಮಾತು ಬಂತು. ಇನ್ನೊಂದು ಬಂತು. ನಾನು ಎದ್ದು, "ಅವಳು ಕೇಳಿದ್ದಕ್ಕೆ ಉತ್ತರ ಹೇಳ್ರಯ್ಯಾ ಮೊದ್ಲು!" ಎಂದು ಕಿರುಚಿದೆ. ನನ್ನನ್ನು ಯಾರೂ ತಿರುಗಿ ನೋಡಲಿಲ್ಲ.

ವೆಂಡೆಲ್ ಹೆಂಡತಿಯ ತೋಳನ್ನು ಹಿಡಿದು ಮೆಲ್ಲಗೆ ಎಳೆದ. ಪ್ರೀತಿಯಿಂದಲೇ ಎಳೆದ.

"ಕೂತ್ಕೊಳ್ಳೇ ಕೋರಾ. ಬೇರೆಯವ್ರ ಮನೇಲಿ ಹಿಂಗೆಲ್ಲಾ ಮಾಡ್ಬಾರ್ದು."

ಅಕ್ಕಪಕ್ಕದವರು ಹೌದು ಹೌದು ಎಂದು ತಲೆಯಾಡಿಸಿದರು. ತಾವು ಯಾವುದಕ್ಕೆ ಹೌದು ಎನ್ನುತ್ತಿದ್ದೇವೆ ಎಂದು ದೇವರಾಣೆ ಅವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಕೋರಾಳಿಗೆ ತಿಳಿಯಿತು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟನ್ನು ತೆಗೆದುಕೊಂಡು ಒಂದು ತೋಳು ಹಾಕಿದಳು.

"ಹಂಗಾದ್ರೆ ಏಳು ವೆಂಡೆಲ್," ಎಂದಳು. "ಬೇರೆಯವ್ರ ಮನೇಲಿ ನಮಗೇನು ಕೆಲ್ಸ? ನಡಿ, ಹೋಗೋಣ."

ವೆಂಡೆಲ್ ಟೋಪಿ ಕೈಗೆತ್ತಿಕೊಂಡ. ಏಳುವವನಂತೆ ಅರ್ಧ ಎದ್ದ ಕೂಡ. ಆಮೇಲೆ ಅವನ ಕಣ್ಣು, ಬೆಳ್ಳಗೆ ಬಟ್ಟೆ ಹಾಸಿ ಬೆಳ್ಳಿ ಮುಚ್ಚಳದ ಪಾತ್ರೆಗಳನ್ನು ಸಾಲಾಗಿ ಇಟ್ಟಿದ್ದ ಮೇಜಿನ ಕಡೆಗೆ ಹೋಯಿತು.

"ಊಟ ಮಾಡ್ಕೊಂಡೇ ಹೋಗೋಣ ಕಣೇ," ಎಂದ.